ಅಗ್ಗಿಷ್ಟಿಕೆಯ ಲೆಕ್ಕ

ರಸಾಯನಶಾಸ್ತ್ರವನ್ನು ಹೊಸದಾಗಿ ಕಲಿಯತೊಡಗಿದ ವಿದ್ಯಾರ್ಥಿಗೆ ಅದರಲ್ಲಿ ಬರುವ ಲೆಕ್ಕಗಳೆಂದರೆ ಒಂದು ಬಗೆಯ ಅಂಜಿಕೆ. ಇಷ್ಟು ತೂಕದ ವಸ್ತುವಿನೊಡನೆ ಮತ್ತೊಂದು ವಸ್ತು ಎಷ್ಟು ಕೂಡುವುದು, ಅದರಿಂದ ಎಷ್ಟು ಹೊಸ ವಸ್ತು ಹುಟ್ಟುವುದು ಎಂದು ಕೇಳಿದೊಡನೆ ಅವನು ಸೂತ್ರಗಳನ್ನು ಬಾಯಿಪಾಠಮಾಡಲು ಹೊರಡುತ್ತಾನೆ. ವಾಸ್ತವವಾಗಿ ಇಲ್ಲಿ ಬೇಕಾದುದು ನಾವೆಲ್ಲರೂ ಚಿಕ್ಕಂದಿನಲ್ಲಿಯೇ ಕಲಿತ ತ್ರೈರಾಶಿಯೊಂದೇ. ಇದನ್ನು ಮನದಟ್ಟುಮಾಡಿಕೊಳ್ಳಲು, ಈಗಲೂ ಕೆಲವು ಮನೆಗಳಲ್ಲಿ ಬಾಣಂತಿಯ ಕೋಣೆಯನ್ನು ಬೆಚ್ಚಗಿಡುವ ಇದ್ದಿಲಿನ ಅಗ್ಗಿಷ್ಟಿಕೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ರಾತ್ರಿ ತುಂಬಿಟ್ಟ ಇದ್ದಿಲು ಬೆಳಗಾಗುವುದರೊಳಗೆ ಒಂದು ಹಿಡಿ ಬೂದಿಯಾಗಿರುತ್ತದೆ. ಉಳಿದುದು ಎಲ್ಲಿ ಹೋಯಿತು? ನಾಶವಾಯಿತೆಂದು ಕಣ್ಣು ಹೇಳುವುದು. ತಕ್ಕಡಿ ಹಾಗೆ ಹೇಳುವುದಿಲ್ಲ. ಫ್ರಾನ್ಸ್ ದೇಶದ ಲಾವಾಸಿಯೇ ಎಂಬ ವಿಜ್ಞಾನಿ ೧೭೮೯ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ, ಯಾವ ಕ್ರಿಯೆಯಲ್ಲಿಯೂ ದ್ರವ್ಯದ ಒಟ್ಟು ಮೊತ್ತವು ಮೊದಲೂ ಕೊನೆಯೂ ಒಂದೇ ಆಗಿರುವುದೆಂದು ಸ್ಪಷ್ಟಪಡಿಸಿದನು. ಇದ್ದಿಲು ಉರಿಯುವುದೆಂದರೆ ಅದರ ಇಂಗಾಲವು ಗಾಳಿಯ ಆಮ್ಲಜನಕದೊಡನೆ ಕೂಡಿ, ಕಣ್ಣಿಗೆ ಕಾಣದ ಅನಿಲವಾಗುವುದೇ ಹೊರತು ಬೇರೆಯಲ್ಲ.

ಈಗ ಲೆಕ್ಕಕ್ಕೆ ಬರೋಣ. ಇಂಗಾಲದ ಪರಮಾಣುಭಾರ ೧೨, ಆಮ್ಲಜನಕದ್ದು ೧೬. ಇಂಗಾಲದ ಒಂದು ಪರಮಾಣುವಿಗೆ ಆಮ್ಲಜನಕದ ಎರಡು ಪರಮಾಣುಗಳು ಸೇರಿದರೆ ಇಂಗಾಲದ ಡೈಆಕ್ಸೈಡು ಆಗುವುದು. ಆದುದರಿಂದ ೧೨ ಭಾಗ ಇಂಗಾಲಕ್ಕೆ ೩೨ ಭಾಗ ಆಮ್ಲಜನಕ ಬೇಕು. ಹುಟ್ಟುವ ಅನಿಲ ೪೪ ಭಾಗ. ಇದ್ದಿಲೆಲ್ಲವೂ ಇಂಗಾಲವೇ ಎಂದು ಭಾವಿಸಿದರೆ, ೧ ಕಿಲೋಗ್ರಾಂ ಇದ್ದಿಲಿಗೆ ೨.೬೭ ಕಿಲೋಗ್ರಾಂ ಆಮ್ಲಜನಕ ಬೇಕಾಗಿ, ೩.೬೭ ಕಿಲೋಗ್ರಾಂ ಅನಿಲ ಹುಟ್ಟುವುದು. ಇದ್ದಿಲು ನಾಶವಾಗುವ ಮಾತಂತಿರಲಿ, ತೂಕವು ಮೂರೂವರೆ ಪಟ್ಟಿಗಿಂತ ಹೆಚ್ಚಾಗಿದೆ!

ಇಷ್ಟು ಆಮ್ಲಜನಕ ಕೋಣೆಯಲ್ಲಿದೆಯೇ? ಉದ್ದ, ಅಗಲ, ಎತ್ತರ ಮೂರು ಮೂರು ಮೀಟರುಗಳಾದರೆ ಕೋಣೆಯ ಗಾತ್ರ ೨೭ ಘನಮೀಟರು. ಒಂದು ಘನಮೀಟರು ಗಾಳಿಯ ತೂಕ ಸುಮಾರು ೧.೨ ಕಿಲೋಗ್ರಾಂ, ಅದರಲ್ಲಿ ನೂರಕ್ಕೆ ೨೩ ಪಾಲು ಆಮ್ಲಜನಕ. ಅಂದರೆ ಕೋಣೆಯಲ್ಲಿ ಸುಮಾರು ಏಳೂವರೆ ಕಿಲೋಗ್ರಾಂ ಇದೆ. ಬೇಕಾದುದರ ಎರಡೂವರೆ ಪಟ್ಟಿಗಿಂತ ಅಧಿಕ. ಹಾಗಾದರೆ ಬಾಗಿಲು ಕಿಟಕಿಗಳನ್ನು ಭದ್ರವಾಗಿ ಮುಚ್ಚಿ ಮಲಗಬಹುದೇ?

ಇಲ್ಲಿಯೇ ಎಚ್ಚರ ಬೇಕು. ಸಮೀಕರಣವು ಅಳತೆಯನ್ನು ತಿಳಿಸುವುದು; ಆಮ್ಲಜನಕವು ಪ್ರತಿಯೊಂದು ಕೆಂಡವನ್ನೂ ಮುಟ್ಟಿತೆಂದು ಭರವಸೆ ಕೊಡುವುದಿಲ್ಲ. ಕೆಂಡಗಳ ರಾಶಿಯ ಒಳಗೆ ಹುಟ್ಟಿದ ಡೈಆಕ್ಸೈಡು ಮೇಲಕ್ಕೇಳುತ್ತಾ ಕಾದ ಇಂಗಾಲವನ್ನು ಮುಟ್ಟಿದಾಗ, ಅದರೊಡನೆ ಕೂಡಿ ಇಂಗಾಲದ ಮಾನಾಕ್ಸೈಡಾಗಿ ಮಾರ್ಪಡುವುದು. ಇದರಲ್ಲಿ ೧೨ ಭಾಗ ಇಂಗಾಲಕ್ಕೆ ಆಮ್ಲಜನಕ ೧೬ ಭಾಗ ಮಾತ್ರ, ಒಟ್ಟು ೨೮.

ನಮ್ಮ ಇದ್ದಿಲಿನಲ್ಲಿ ನೂರಕ್ಕೆ ಒಂದೇ ಪಾಲು, ಎಂದರೆ ೧೦ ಗ್ರಾಂ, ಈ ದಾರಿ ಹಿಡಿಯಿತೆಂದಿಟ್ಟುಕೊಳ್ಳೋಣ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚೇ ಆಗುವುದುಂಟು. ಹತ್ತನ್ನು ೨೮ರಿಂದ ಗುಣಿಸಿ ೧೨ರಿಂದ ಭಾಗಿಸಿದರೆ ಸುಮಾರು ೨೩ ಗ್ರಾಂ ಮಾನಾಕ್ಸೈಡು. ಗಾಳಿಯಾಡದ ಆ ಕೋಣೆಯಲ್ಲಿ ಇದು ಹರಡಿದರೆ ಘನಮೀಟರಿಗೆ ಸುಮಾರು ೮೬೦ ಮಿಲಿಗ್ರಾಂ ಆಗುವುದು. ವಿಶ್ವ ಆರೋಗ್ಯ ಸಂಸ್ಥೆಯು ಒಂದು ಗಂಟೆಯ ಕಾಲಕ್ಕೆ ಸೂಚಿಸಿರುವ ಮಿತಿ ೩೫ ಮಿಲಿಗ್ರಾಂ. ನಮ್ಮ ಲೆಕ್ಕದ ಉತ್ತರ ಅದರ ಸುಮಾರು ಇಪ್ಪತ್ತೈದರಷ್ಟು!

ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹೀಮೊಗ್ಲೋಬಿನ್ನನ್ನು ಇದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಹಿಡಿದುಕೊಳ್ಳುವುದು. ಮಲಗಿದವರಿಗೆ ಎಚ್ಚರವಾಗುವ ಮೊದಲೇ ಪ್ರಾಣಕ್ಕೆ ಅಪಾಯ ಒದಗಬಹುದು. ಹೊಗೆಯಡಗಿ ಕೆಂಡ ನಿಗಿನಿಗಿಯಾದ ಮೇಲೆ ಭಯವಿಲ್ಲವೆಂಬ ನಂಬಿಕೆ ಎಷ್ಟು ಪೊಳ್ಳೆಂಬುದು ಇದರಿಂದ ವಿದಿತವಾಗುವುದು.

ವಿದ್ಯಾರ್ಥಿಯು ಮಾಡಬೇಕಾದುದು ಇಷ್ಟೇ: ಸಮೀಕರಣದ ಎರಡು ಕಡೆಗಳಲ್ಲಿಯೂ ಪರಮಾಣುಗಳನ್ನು ಸಮಮಾಡುವುದು, ಪರಮಾಣುಭಾರಗಳಿಂದ ತೂಕದ ಪ್ರಮಾಣವನ್ನು ತಿಳಿಯುವುದು, ತ್ರೈರಾಶಿಯಿಂದ ಉತ್ತರವನ್ನು ಪಡೆಯುವುದು. ಕೊನೆಯಲ್ಲಿ ಇನ್ನೊಂದು ಪ್ರಶ್ನೆಯನ್ನೂ ಕೇಳಿಕೊಳ್ಳಬೇಕು: ನಾವು ಬರೆದ ಕ್ರಿಯೆಯೇ ನಿಜವಾಗಿ ನಡೆಯುತ್ತಿದೆಯೇ? ಮೊದಲಿನ ಮೂರರಿಂದ ಪರೀಕ್ಷೆಯಲ್ಲಿ ಅಂಕಗಳು ಬರುವುವು. ನಾಲ್ಕನೆಯದು, ತಾಯಿಯೂ ಕೂಸೂ ಮಲಗಿರುವ ಕೋಣೆಯಿಂದ ಅಗ್ಗಿಷ್ಟಿಕೆಯನ್ನು ಹೊರಗಿಡಿಸುವುದು.