ದಾಳಿಂಬೆ ಕಾಂಡದಲ್ಲಿ ಸೂಜಿತೂತು ಕಂಡರೆ

ದಾಳಿಂಬೆ ಗಿಡದ ಒಂದೇ ಟೊಂಗೆ ಹಳದಿಯಾಗಿದೆ, ಉಳಿದದ್ದೆಲ್ಲ ಹಸಿರು. ನೀರು ಸಾಲದೆ ಹೀಗಾಗಿರಬೇಕೆಂದು ಡ್ರಿಪ್ ಹೆಚ್ಚಿಸಬೇಡಿ. ಮೊದಲು ಬುಡದ ಹತ್ತಿರ ಕುಳಿತು ಕಾಂಡ ನೋಡಿ. ಗುಂಡುಸೂಜಿ ಚುಚ್ಚಿದಂಥ ತೂತುಗಳಿವೆಯೇ? ಸುತ್ತ ಮರದ ಪುಡಿ ಉದುರಿದೆಯೇ? ಹಾಗಿದ್ದರೆ ಶಾಟ್ ಹೋಲ್ ಬೋರರ್, ಅಂದರೆ ಕಾಂಡ ಕೊರೆಯುವ ಪುಟ್ಟ ದುಂಬಿ, ಒಳಗೆ ಸೇರಿದೆ.

ಈ ದುಂಬಿಯ ಉದ್ದ ಸುಮಾರು 2 ಮಿಲಿಮೀಟರ್. ಇದಕ್ಕೆ ಕಟ್ಟಿಗೆ ಆಹಾರವಲ್ಲ. ಹೆಣ್ಣು ದುಂಬಿ ಸುರಂಗ ಕೊರೆದು, ತಾನು ಹೊತ್ತು ತಂದ ಶಿಲೀಂಧ್ರವನ್ನು, ಅಂದರೆ ಬೂಷ್ಟನ್ನು, ಅಲ್ಲಿ ಬೆಳೆಸುತ್ತದೆ. ಮರಿಹುಳುಗಳಿಗೆ ಅದೇ ಊಟ. ಗಿಡ ಕೊಲ್ಲುವುದು ಸೆರಾಟೊಸಿಸ್ಟಿಸ್ ಎಂಬ ಇನ್ನೊಂದು ಬೂಷ್ಟು. ದುಂಬಿಯ ಓಡಾಟ ಅದಕ್ಕೂ ದಾರಿ ಮಾಡಿಕೊಡುತ್ತದೆ. ಅದು ನೀರು ಏರುವ ನಾಳಗಳನ್ನು ಕೆಡಿಸುತ್ತದೆ. ಮೊದಲು ಒಂದು ಟೊಂಗೆ, ಆಮೇಲೆ ಇಡೀ ಗಿಡ ಒಣಗುತ್ತದೆ. ಇದೇ ಸೊರಗು ರೋಗ. ರೋಗ ತಗುಲಿದ ಕಾಂಡ ಅಡ್ಡ ಕೊಯ್ದರೆ ಒಳಗೆ ಬೂದು-ಕಂದು ಕಲೆ ಕಾಣುತ್ತದೆ.

ದುಂಬಿ ಇಲ್ಲದಿದ್ದರೆ ರೋಗ ಬರುವುದಿಲ್ಲವೇ? ಬರುತ್ತದೆ. ರೋಗದ ಸಸಿ, ಮಣ್ಣು, ಹರಿಯುವ ನೀರು, ಚಾಟನಿ ಕತ್ತರಿ, ಒಂದಕ್ಕೊಂದು ತಾಗಿದ ಬೇರು, ಎಲ್ಲದರಿಂದಲೂ ಹರಡುತ್ತದೆ. ನೀರು ಬಸಿಯದ ಎರೆಮಣ್ಣಿನಲ್ಲಿ ಕಾಟ ಇನ್ನೂ ಹೆಚ್ಚು. ಹೀಗಾಗಿ ದುಂಬಿಯೊಂದನ್ನೇ ಕೊಂದು ಸುಮ್ಮನಾದರೆ ತೋಟ ಉಳಿಯುವುದಿಲ್ಲ.

ಪೂರ್ತಿ ಸೊರಗಿದ ಗಿಡ ಮತ್ತೆ ಚಿಗುರೀತೆಂದು ಕಾಯಬೇಡಿ. ಮಕ್ಕಳಂತೆ ಸಾಕಿದ ಗಿಡ ಕೀಳುವುದು ಸಂಕಟದ ಕೆಲಸ, ನಿಜ. ಆದರೆ ಒಂದು ಗಿಡದ ಮೇಲಿನ ಆಸೆಗೆ ಸಾಲಿಗೆ ಸಾಲೇ ಹೋಗುತ್ತದೆ. ಬೇರುಸಹಿತ ಕಿತ್ತು ಅಲ್ಲೇ ಸುಡಿ. ಬದುವಿನ ಮೇಲೆ ಒಟ್ಟಿದರೆ ಆ ಕಟ್ಟಿಗೆಯಿಂದಲೇ ದುಂಬಿ ಮತ್ತೆ ಹಾರಿ ಬರುತ್ತದೆ. ಕತ್ತರಿಯನ್ನು ಪ್ರತಿ ಗಿಡಕ್ಕೂ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿ ಬಳಸಿ.

ಚೆನ್ನಾಗಿರುವ ಗಿಡಗಳಿಗೆ ಕೆಮ್ಮಣ್ಣಿನ ಲೇಪ ಬಳಿಯಿರಿ. 10 ಲೀಟರ್ ನೀರಿಗೆ 4 ಕೆ.ಜಿ. ಕೆಮ್ಮಣ್ಣು, 20 ಮಿ.ಲೀ. ಕ್ಲೋರ್‌ಪೈರಿಫಾಸ್, 25 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ ಕಲಸಿ, ಬುಡದಿಂದ ಎರಡು ಅಡಿವರೆಗೆ ಹಚ್ಚಬೇಕು. ಕ್ಲೋರ್‌ಪೈರಿಫಾಸ್ ಕೀಟನಾಶಕ, ಕಾಪರ್ ಆಕ್ಸಿಕ್ಲೋರೈಡ್ ಬೂಷ್ಟುನಾಶಕ. ಕೈಗವಸು ತಪ್ಪಿಸಬೇಡಿ. ಔಷಧಿಗಿಂತ ಕೂಲಿಯೇ ದೊಡ್ಡ ಖರ್ಚು. ಚಾಟನಿ ಆಳುಗಳು ಬಂದಾಗಲೇ ಮಾಡಿಸಿಕೊಂಡರೆ ಅದೂ ತಗ್ಗುತ್ತದೆ.

ಬೇರಿನ ಜಂತುಹುಳುವಿನಿಂದಲೂ ಗಿಡ ಸೊರಗುವುದುಂಟು. ಆಗ ಬೇರಿನಲ್ಲಿ ಗಂಟು ಕಾಣುತ್ತದೆ, ಔಷಧಿಯೇ ಬೇರೆ. ಗೊಂದಲವಿದ್ದರೆ ಕಾಂಡದ ತುಂಡು, ಬೇರು, ಬುಡದ ಹಿಡಿ ಮಣ್ಣು ಬೇರೆ ಬೇರೆ ಚೀಲದಲ್ಲಿ ಕಟ್ಟಿ, ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೋ ಒಯ್ಯಿರಿ. ಸೊಲ್ಲಾಪುರದಲ್ಲಿ ದಾಳಿಂಬೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರವಿದೆ. ವಿಜಯಪುರದವರಿಗೆ ಅದೂ ದೂರವೇನಲ್ಲ.