ಮೂರು ವಾರ ಎಲ್ಲಿ ಅಡಗಿತ್ತು?

ಆಸ್ಪತ್ರೆಯಲ್ಲಿ ಸೋಂಕು ಹರಡಿದೆ ಅನ್ನೋ ಸುದ್ದಿ ಬಂದ ತಕ್ಷಣ ಸ್ಟುಡಿಯೋದಲ್ಲಿ ಕೂತ ನಾವು ಕೇಳೋ ಮೊದಲ ಪ್ರಶ್ನೆ, ತಪ್ಪು ಯಾರದ್ದು? ನಾನೂ ಕೇಳಿದ್ದೇನೆ, ದನಿ ಏರಿಸಿಯೇ ಕೇಳಿದ್ದೇನೆ. ಆದರೆ ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಇದೆ: ಸೋಂಕು ಯಾರಿಂದ ಯಾರಿಗೆ ಬಂತು?

2011ರ ಜೂನ್. ಅಮೆರಿಕದ ಬೆಥೆಸ್ಡಾದಲ್ಲಿರುವ ಸರ್ಕಾರಿ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಆಸ್ಪತ್ರೆಗೆ ನ್ಯೂಯಾರ್ಕ್‌ನಿಂದ ಒಬ್ಬ ಮಹಿಳೆ ಬಂದರು. ಅವರ ಮೈಯಲ್ಲಿ ಕ್ಲೆಬ್ಸಿಯೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಇತ್ತು. ಕೊನೆಯ ಅಸ್ತ್ರ ಅಂತ ಇಟ್ಟುಕೊಂಡಿರೋ ಆ್ಯಂಟಿಬಯಾಟಿಕ್‌ಗಳಿಗೂ ಜಗ್ಗದ ತಳಿ. ವೈದ್ಯರಿಗೆ ಇದು ಗೊತ್ತಿತ್ತು. ಪ್ರತ್ಯೇಕ ಕೋಣೆ, ಗ್ಲೌಸು, ಗೌನು, ಎಲ್ಲಾ ಆಯಿತು. ಜುಲೈ 15ಕ್ಕೆ ಆಕೆ ಮನೆಗೆ ಹೋದರು.

ಆಗಸ್ಟ್ 5ಕ್ಕೆ ಇನ್ನೊಬ್ಬ ರೋಗಿಯಲ್ಲಿ ಅದೇ ಕ್ಲೆಬ್ಸಿಯೆಲ್ಲಾ! ಆಮೇಲೆ ಹೆಚ್ಚುಕಡಿಮೆ ವಾರಕ್ಕೊಬ್ಬರು. ಮಧ್ಯೆ ಮೂರು ವಾರ ಖಾಲಿ. ಹಾಗಾದರೆ ಇದು ಹೊರಗಿನಿಂದ ಹೊಸದಾಗಿ ಬಂದದ್ದಾ? ಅಮೆರಿಕದ ಆಸ್ಪತ್ರೆಗಳಲ್ಲಿ ಆಗ ಒಂದೇ ತಳಿ ವ್ಯಾಪಕವಾಗಿದ್ದರಿಂದ ಮಾಮೂಲಿ ಲ್ಯಾಬ್ ಪರೀಕ್ಷೆಯಿಂದ ಉತ್ತರ ಸಿಗಲಿಲ್ಲ.

ಇಲ್ಲಿ ನನ್ನ ಎಂಜಿನಿಯರಿಂಗ್ ದಿನಗಳು ನೆನಪಾಗುತ್ತವೆ. ಲ್ಯಾಬ್ ರೆಕಾರ್ಡ್ ಕಾಪಿ ಹೊಡೆಯೋದರಲ್ಲಿ ನಾವು ನಿಸ್ಸೀಮರು. ಸರಿ ಉತ್ತರ ಎಲ್ಲರದ್ದೂ ಒಂದೇ, ಅದರಿಂದ ಏನೂ ಗೊತ್ತಾಗೋದಿಲ್ಲ. ಆದರೆ ಒಬ್ಬ 4.7 ಅನ್ನು 7.4 ಅಂತ ಬರೆದ, ಅದು ಮೂವರ ರೆಕಾರ್ಡಿನಲ್ಲೂ ಬಂತು. ಮುಗೀತು, ಮೇಷ್ಟ್ರಿಗೆ ಸರಪಳಿ ಸಿಕ್ಕಿತು! ಬ್ಯಾಕ್ಟೀರಿಯಾವೂ ಹೀಗೇ. ಕ್ಲೆಬ್ಸಿಯೆಲ್ಲಾದ ಜೀನೋಮ್ ಅಂದರೆ ಸುಮಾರು 60 ಲಕ್ಷ ಅಕ್ಷರಗಳ ಪುಸ್ತಕ. ಪ್ರತಿ ಸಲ ನಕಲಾಗುವಾಗ ಅಪರೂಪಕ್ಕೆ ಒಂದಕ್ಷರ ತಪ್ಪುತ್ತದೆ, ಆ ತಪ್ಪು ಮುಂದಿನ ಪೀಳಿಗೆಗೂ ಹೋಗುತ್ತದೆ.

ಜೂಲಿ ಸೆಗ್ರೆ, ಇವಾನ್ ಸ್ನಿಟ್ಕಿನ್ ಮತ್ತು ತಂಡ ಪ್ರತಿ ರೋಗಿಯ ಬ್ಯಾಕ್ಟೀರಿಯಾವನ್ನು ಹೀಗೆ ಅಕ್ಷರ ಅಕ್ಷರ ಓದಿಸಿತು. ಹೊಸದಾಗಿ ಯಾವುದೂ ಬಂದಿರಲಿಲ್ಲ. ಎಲ್ಲಾ ಆ ಮೊದಲ ಮಹಿಳೆಯಿಂದಲೇ, ಅದೂ ಬೇರೆ ಬೇರೆಯಾಗಿ ಮೂರು ಸಲ ದಾಟಿತ್ತು. ಇನ್ನೊಂದು ವಿಷಯ ನೋಡಿ. ಪತ್ತೆಯಾದ ಕ್ರಮವೇ ಬೇರೆ, ಹರಡಿದ ಕ್ರಮವೇ ಬೇರೆ. ಯಾವ ಲಕ್ಷಣವೂ ಇಲ್ಲದೆ ಬ್ಯಾಕ್ಟೀರಿಯಾ ಹೊತ್ತವರು ವಾರ್ಡಿನಲ್ಲೇ ಇದ್ದರು. ಆ ಮೂರು ವಾರ ಖಾಲಿ ಇರಲೇ ಇಲ್ಲ.

ಸಿಂಕಿನ ಡ್ರೈನ್‌ನಲ್ಲೂ ಅದು ಸಿಕ್ಕಿತು. ಶುಚಿ ಮಾಡಿಟ್ಟಿದ್ದ ಒಂದು ವೆಂಟಿಲೇಟರಿನಲ್ಲೂ! ಆಸ್ಪತ್ರೆ ಗೋಡೆ ಕಟ್ಟಿ ಸೋಂಕಿತರನ್ನು ಬೇರೆ ಮಾಡಿತು, ಅವರಿಗೇ ಅಂತ ಪ್ರತ್ಯೇಕ ಸಿಬ್ಬಂದಿ ಇಟ್ಟಿತು, ಕೋಣೆಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಆವಿ ಹಾಯಿಸಿತು, ಪ್ಲಂಬಿಂಗ್ ಕಿತ್ತು ತೆಗೆಯಿತು. ಅಷ್ಟರಲ್ಲಿ 18 ರೋಗಿಗಳಿಗೆ ತಗುಲಿತ್ತು. 11 ಮಂದಿ ತೀರಿಕೊಂಡರು, ಅದರಲ್ಲಿ 6 ಸಾವಿಗೆ ಈ ಸೋಂಕೇ ಕಾರಣ. ಹೊರಗಿನ ಜನಕ್ಕೆ ಇದೆಲ್ಲಾ ಗೊತ್ತಾಗಿದ್ದು 2012ರ ಆಗಸ್ಟ್‌ನಲ್ಲಿ, ಸಂಶೋಧನಾ ಲೇಖನ ಅಚ್ಚಾದ ಮೇಲೆ.