ಒಂದು ವಾದ್ಯ, ಎರಡು ತವರು

ಪರದೇಶದ ವಾದ್ಯವೊಂದು ನಮ್ಮ ಸಂಗೀತದ ಮನೆಯೊಳಕ್ಕೆ ಬಂದು ಮನೆಯ ಮಗುವೇ ಆಗಿಬಿಡುವುದು ಹೊಸ ಸಂಗತಿಯಲ್ಲ. ಪಿಟೀಲನ್ನು ಇಂದು ವಿದೇಶೀ ವಾದ್ಯವೆಂದು ಯಾರೂ ದೂರವಿಡುವುದಿಲ್ಲ. ಪಿಟೀಲಿನ ಪಕ್ಕವಾದ್ಯವಿಲ್ಲದ ಕಚೇರಿ ಕಳೆಗಟ್ಟುವುದೂ ಇಲ್ಲ. ಕ್ಲಾರಿನೆಟ್, ಮ್ಯಾಂಡೊಲಿನ್, ಗಿಟಾರುಗಳೂ ಒಂದೊಂದಾಗಿ ಬಂದು ತಮ್ಮ ತಮ್ಮ ಮಣೆಗಳನ್ನು ಹಾಕಿಕೊಂಡು ಕುಳಿತುವು. ಆದರೆ ಸ್ಯಾಕ್ಸೋಫೋನಿನ ಕಥೆ ತುಸು ಬೇರೆ. ಕರ್ನಾಟಕದ ಕರಾವಳಿಯಲ್ಲಿ ಒಬ್ಬರು ಆ ವಾದ್ಯಕ್ಕೆ ರಾಗವನ್ನು ಕಲಿಸಿದರು. ಅಮೆರಿಕದಲ್ಲಿ ಬೆಳೆದ ಕನ್ನಡನಾಡಿನ ಮನೆತನದ ಮತ್ತೊಬ್ಬರು ಅದೇ ವಾದ್ಯವನ್ನು ಹಿಡಿದು ಜಾಜ್ ಸಂಗೀತದ ದಾರಿಯಲ್ಲಿ ನಡೆದರು. ಈ ಇಬ್ಬರೂ ಕೂಡಿ ನುಡಿಸಿದ ಒಂದು ಧ್ವನಿಮುದ್ರಣ 2008ರಲ್ಲಿ ಹೊರಬಂದಿತು. ಅದರ ಹೆಸರು ‘ಕಿನ್ಸ್‌ಮೆನ್’; ಎಂದರೆ ಬಂಧುಗಳು.

ಯಾವ ರಕ್ತಸಂಬಂಧವೂ ಇಲ್ಲದ ಇಬ್ಬರು ಬಂಧುಗಳಾದುದು ಹೇಗೆ ಎಂಬುದೇ ಈ ಕಥೆಯ ಸ್ವಾರಸ್ಯ.

ನಾಗಸ್ವರದ ಮನೆಯ ಮಗ

ಕದ್ರಿ ಗೋಪಾಲನಾಥರು ಹುಟ್ಟಿದುದು 1949ರಲ್ಲಿ, ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನೂ ತಂದೆಯ ಹಾದಿಯನ್ನೇ ಹಿಡಿಯಬೇಕಾಗಿದ್ದಿತು. ಆದರೆ ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನಿನ ನಾದವನ್ನು ಕೇಳಿದ ಬಾಲಕನ ಮನಸ್ಸು ಅಲ್ಲಿಯೇ ನೆಟ್ಟುಹೋಯಿತು. ಕಲಿತರೆ ಇದನ್ನೇ ಕಲಿಯಬೇಕೆಂಬ ಹಟ ಹುಟ್ಟಿತು.

ಹಟ ಹುಟ್ಟುವುದು ಸುಲಭ, ಸಾಧಿಸುವುದು ಸುಲಭವಲ್ಲ. ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್ ಎಂಬಾತ ಪ್ಯಾರಿಸ್ಸಿನಲ್ಲಿ 1846ರಲ್ಲಿ ಹಕ್ಕುಪತ್ರ ಪಡೆದ ಈ ವಾದ್ಯ, ಮುಖ್ಯವಾಗಿ ಸೈನ್ಯದ ಬ್ಯಾಂಡುಗಳ ಬಳಕೆಗೆ ಬಂದುದು. ನಾಗಸ್ವರದಲ್ಲಿ ವಾದಕನ ಬೆರಳು ರಂಧ್ರದ ಮೇಲೆಯೇ ಆಡುತ್ತದೆ. ಅರ್ಧ ಮುಚ್ಚಿ, ಅರ್ಧ ತೆರೆದು, ಒಂದು ಸ್ವರದಿಂದ ಮತ್ತೊಂದಕ್ಕೆ ಜಾರಿ, ಗಮಕವನ್ನು ಬೇಕಾದಂತೆ ತೂಗಬಹುದು. ಸ್ಯಾಕ್ಸೋಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಲೋಹದ ಕೀಲಿಗಳಿವೆ. ಕೀಲಿಯನ್ನು ಒತ್ತಿದರೆ ರಂಧ್ರ ಮುಚ್ಚುತ್ತದೆ, ಬಿಟ್ಟರೆ ತೆರೆಯುತ್ತದೆ. ಸ್ವರಗಳು ಮೆಟ್ಟಿಲುಗಳಂತೆ ಬೇರೆ ಬೇರೆಯಾಗಿ ನಿಲ್ಲುತ್ತವೆ. ಕರ್ನಾಟಕ ಸಂಗೀತಕ್ಕಾದರೋ ಮೆಟ್ಟಿಲುಗಳಿಗಿಂತ ಮೆಟ್ಟಿಲುಗಳ ನಡುವಣ ಜಾಡೇ ಮುಖ್ಯ. ಗಮಕವಿಲ್ಲದ ತೋಡಿ ತೋಡಿಯಾಗದು.

ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರರು ಗೋಪಾಲನಾಥರಿಗೆ ಪಾಠ ಹೇಳಿದರು. ಮುಂದೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನ ದೊರೆಯಿತು. ತುಟಿಯ ಬಿಗಿ, ಉಸಿರಿನ ಹದ, ಬೆರಳಿನ ಸೂಕ್ಷ್ಮಗಳ ಜೊತೆಗೆ ವಾದ್ಯದಲ್ಲಿಯೂ ತಕ್ಕ ಮಾರ್ಪಾಟುಗಳನ್ನು ಮಾಡಿಕೊಂಡು ಅವರು ಅದನ್ನು ಪಳಗಿಸಿದರು. ಇದಕ್ಕೆ ಹಿಡಿದ ಕಾಲ ಸುಮಾರು ಇಪ್ಪತ್ತು ವರ್ಷ. ಕೇಳಿದವರು ಮೊದಲು ಬೆರಗಾದರು. ಬಳಿಕ ವಾದ್ಯವನ್ನು ಮರೆತು ರಾಗವನ್ನು ಕೇಳತೊಡಗಿದರು. ಕಲಾವಿದನಿಗೆ ಇದಕ್ಕಿಂತ ದೊಡ್ಡ ಗೆಲವು ಮತ್ತೊಂದಿಲ್ಲ.

1980ರ ಮುಂಬಯಿಯ ಜಾಜ್ ಉತ್ಸವದಲ್ಲಿ ಕ್ಯಾಲಿಫೋರ್ನಿಯದ ಜಾಜ್ ವಾದಕ ಜಾನ್ ಹ್ಯಾಂಡಿಯವರು ಗೋಪಾಲನಾಥರ ವಾದನವನ್ನು ಕೇಳಿ, ತಾವೂ ಜೊತೆಗೂಡಿ ನುಡಿಸಬಹುದೇ ಎಂದು ಕೇಳಿದರು. ಒಂದೇ ವೇದಿಕೆಯಲ್ಲಿ ಜಾಜ್ ಮತ್ತು ಕರ್ನಾಟಕ ಸಂಗೀತ ಎದುರುಬದುರಾದುವು. ಅಲ್ಲಿಂದ ಮುಂದೆ ಬರ್ಲಿನ್, ಪ್ರಾಗ್ ನಗರಗಳ ಜಾಜ್ ಉತ್ಸವಗಳು ಅವರನ್ನು ಬರಮಾಡಿಕೊಂಡುವು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ. ಬಿ. ಸಿ. ಏರ್ಪಡಿಸಿದ ಪ್ರಾಮೆನೇಡ್ ಕಚೇರಿಯಲ್ಲಿ ಅವರು ನುಡಿಸಿದರು. ಅದೇ ವರ್ಷ ತೆರೆಕಂಡ ‘ಡ್ಯುಯೆಟ್’ ಎಂಬ ತಮಿಳು ಚಿತ್ರದಲ್ಲಿ ಎ. ಆರ್. ರಹಮಾನರ ಸಂಗೀತಕ್ಕೆ ಅವರ ವಾದ್ಯವೇ ಜೀವಾಳವಾಯಿತು.

ಈ ಸಂಗಮಕ್ಕೆ ಬೆಂಗಳೂರಿನಲ್ಲಿಯೂ ಒಂದು ನೆಲೆಯಿದ್ದಿತು. ಮೃದಂಗ ವಿದ್ವಾನ್ ಟಿ. ಎ. ಎಸ್. ಮಣಿಯವರು 1964ರಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ನಿನ ಕಲಾವಿದರು, ಗಾಯಕಿ ಆರ್. ಎ. ರಮಾಮಣಿಯವರೊಡನೆ, ಬಾಸ್ಟನ್ನಿನ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮಾರಿಯಾನೋ ಅವರ ಜೊತೆಗೂಡಿ 1983ರಲ್ಲಿ ‘ಜ್ಯೋತಿ’ ಎಂಬ ಧ್ವನಿಮುದ್ರಣವನ್ನು ಹೊರತಂದರು. ಈ ಮಾರಿಯಾನೋ ಅವರು ನಾಗಸ್ವರವನ್ನೂ ಕಲಿತವರು. ನಾಗಸ್ವರದ ಮನೆಯ ಮಗ ಸ್ಯಾಕ್ಸೋಫೋನನ್ನು ಹಿಡಿದರೆ, ಸ್ಯಾಕ್ಸೋಫೋನಿನ ನಾಡಿನವರು ನಾಗಸ್ವರವನ್ನು ಹಿಡಿದರು!

ಹಾಸ್ಯಕ್ಕೆ ಕೊಟ್ಟ ಉಡುಗೊರೆ

ಇನ್ನು ಕಡಲಾಚೆಯ ಮನೆಗೆ ಹೋಗೋಣ. ರುದ್ರೇಶ್ ಮಹಾಂತಪ್ಪನವರು 1971ರಲ್ಲಿ ಇಟಲಿಯ ಟ್ರಿಯೆಸ್ಟ್ ನಗರದಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊ ಸಂಸ್ಥಾನದ ಬೌಲ್ಡರಿನಲ್ಲಿ ಬೆಳೆದರು. ತಂದೆ ಕೆ. ಟಿ. ಮಹಾಂತಪ್ಪನವರು ಕರ್ನಾಟಕದಿಂದ ಹೋದ ಭೌತವಿಜ್ಞಾನಿಗಳು, ಕೊಲರಾಡೊ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರು. ಶಾಲೆಯಲ್ಲಿಯೇ ಬಾಲಕನ ಕೈಗೆ ಸ್ಯಾಕ್ಸೋಫೋನ್ ಬಂದಿತು. ಚಾರ್ಲಿ ಪಾರ್ಕರ್ ಮೊದಲಾದ ಜಾಜ್ ದಿಗ್ಗಜರೇ ಅವನ ಮಾನಸ ಗುರುಗಳು. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿಯೂ ಷಿಕಾಗೋ ನಗರದಲ್ಲಿಯೂ ಜಾಜ್ ವಿದ್ಯಾಭ್ಯಾಸ ನಡೆಯಿತು.

ಆದರೆ ಹೆಸರು ರುದ್ರೇಶ, ಮೈಬಣ್ಣ ಭಾರತದ್ದು. ಕಂಡವರೆಲ್ಲ ಈತನಿಗೆ ಭಾರತೀಯ ಸಂಗೀತ ಹುಟ್ಟಿನಿಂದಲೇ ಬಂದಿರಬೇಕೆಂದು ಭಾವಿಸುತ್ತಿದ್ದರು. ಮುಖವನ್ನು ನೋಡಿ ವಿದ್ಯೆಯನ್ನು ಊಹಿಸುವ ಈ ರೂಢಿ, ವಲಸೆ ಹೋದವರ ಮಕ್ಕಳನ್ನು ಬಿಡದೆ ಕಾಡುವಂಥದು. ಕಲಿಯದ ವಿದ್ಯೆಯನ್ನು ಕಲಿತಂತೆ ನಟಿಸುವುದೇ, ಅಥವಾ ತನ್ನ ಮನೆಯದೆಂದು ಲೋಕ ಹೇಳುವ ವಸ್ತುವಿನಿಂದ ದೂರ ಓಡುವುದೇ? ಎರಡರಲ್ಲಿ ಯಾವುದೂ ನೆಮ್ಮದಿ ತರುವ ದಾರಿಯಲ್ಲ.

ಅಂಥ ದಿನಗಳಲ್ಲಿ ರುದ್ರೇಶರ ಅಣ್ಣ ಅವರಿಗೊಂದು ಧ್ವನಿಮುದ್ರಣವನ್ನು ಉಡುಗೊರೆಯಾಗಿ ಕೊಟ್ಟರು. ‘ಸ್ಯಾಕ್ಸೋಫೋನ್ ಇಂಡಿಯನ್ ಸ್ಟೈಲ್’ ಎಂಬುದು ಅದರ ಹೆಸರು. ನುಡಿಸಿದವರು ಕದ್ರಿ ಗೋಪಾಲನಾಥರು. ಅಣ್ಣನಿಗೆ ಅದು ಕೇವಲ ತಮಾಷೆ. ತಮ್ಮನಿಗಾದರೋ ಅದು ತಮಾಷೆಯಾಗಿ ಉಳಿಯಲಿಲ್ಲ. ತಾನು ಇಷ್ಟು ವರ್ಷ ಊದಿದ ವಾದ್ಯದಿಂದಲೇ, ತಾನು ಎಂದೂ ಕಾಣದ ಒಂದು ನಾದಲೋಕ ಹೊಮ್ಮುತ್ತಿದ್ದಿತು. ನಟನೆಯೂ ಅಲ್ಲದ, ಪಲಾಯನವೂ ಅಲ್ಲದ ಮೂರನೆಯ ದಾರಿಯೊಂದಿದೆ, ಅದು ಕಲಿಯುವ ದಾರಿ ಎಂಬುದು ಅವರಿಗೆ ಗೋಚರವಾಯಿತು.

ಮಾತಿನೊಳಗಿನ ರಾಗ

ಈ ಹುಡುಕಾಟದ ಒಂದು ಚೆಲುವಾದ ಫಲ 2004ರ ‘ಮದರ್ ಟಂಗ್’ ಎಂಬ ಧ್ವನಿಮುದ್ರಣ. “ನೀವು ಇಂಡಿಯನ್ ಭಾಷೆ ಆಡುವಿರಾ?” ಎಂಬ ಅಜ್ಞಾನದ ಪ್ರಶ್ನೆ ಅಮೆರಿಕದ ಭಾರತೀಯರಿಗೆ ಚಿರಪರಿಚಿತ. ರುದ್ರೇಶರು ಅದೇ ಪ್ರಶ್ನೆಯನ್ನು ಹಲವರ ಮುಂದಿಟ್ಟು, ಅವರವರ ತಾಯ್ನುಡಿಯಲ್ಲಿ ಬಂದ ಉತ್ತರಗಳನ್ನು ಮುದ್ರಿಸಿಕೊಂಡರು. ಆ ಮಾತಿನ ಏರಿಳಿತವನ್ನೇ ಸ್ವರಕ್ಕಿಳಿಸಿ ಕೃತಿಗಳನ್ನು ಕಟ್ಟಿದರು. ಗುಜರಾತಿ, ತೆಲುಗು, ತಮಿಳು, ಕೊಂಕಣಿ, ಮಲೆಯಾಳಂ ಹೀಗೆ ಒಂದೊಂದಕ್ಕೂ ಒಂದೊಂದು ಭಾಷೆಯ ಹೆಸರು. ಅವುಗಳಲ್ಲಿ ಒಂದರ ಹೆಸರು ‘ಕನ್ನಡ’.

ಮಾತಿಗೂ ರಾಗವುಂಟೆಂಬುದನ್ನು ನಮ್ಮ ನಾಡಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಳ್ಳಾರಿ ಸೀಮೆಯ ಹಚ್ಚೊಳ್ಳಿಯವರ ಮಾತಿನ ಧಾಟಿಯೇ ಬೇರೆ, ಮಂಗಳೂರಿನವರ ಧಾಟಿಯೇ ಬೇರೆ. ಪದಗಳು ಕಿವಿಗೆ ಸ್ಪಷ್ಟವಾಗಿ ಬೀಳುವ ಮೊದಲೇ ಧಾಟಿಯಿಂದ ಊರನ್ನು ಗುರುತಿಸಬಲ್ಲವರು ನಮ್ಮಲ್ಲಿ ಎಷ್ಟೋ ಮಂದಿ. ಆ ಧಾಟಿ ನ್ಯೂಯಾರ್ಕಿನ ಜಾಜ್ ವೇದಿಕೆಗೆ ಏರಿದುದು ಮಾತ್ರ ಹೊಸತು.

ಬಂಧುಗಳ ನಡುವೆ ಗಿಟಾರು

ಗೋಪಾಲನಾಥರೂ ರುದ್ರೇಶರೂ ಒಂದಾದಾಗ ಕಟ್ಟಿದ ಮೇಳಕ್ಕೆ ‘ದಕ್ಷಿಣ ಎನ್‌ಸಾಂಬಲ್’ ಎಂದು ಹೆಸರು. ಎರಡು ಸ್ಯಾಕ್ಸೋಫೋನುಗಳ ಜೊತೆಗೆ ಎ. ಕನ್ಯಾಕುಮಾರಿಯವರ ಪಿಟೀಲು, ಪೂವಲೂರು ಶ್ರೀಜಿಯವರ ಮೃದಂಗ, ಕಾರ್ಲೋ ಡಿ ರೋಸಾ ಅವರ ಬಾಸ್, ರಾಯಲ್ ಹಾರ್ಟಿಗನ್ನರ ಡ್ರಮ್ಮು, ರೆಜ್ ಅಬ್ಬಾಸಿಯವರ ಗಿಟಾರು.

ಎರಡು ಸಂಗೀತಗಳನ್ನು ಬೆರೆಸುವುದು ಹಾಲಿಗೆ ಸಕ್ಕರೆ ಬೆರೆಸಿದಷ್ಟು ಸುಲಭವಲ್ಲ. ಜಾಜ್ ವಾದಕನ ಕಾಲ ಕೆಳಗಿನ ನೆಲ ಚಲಿಸುತ್ತಿರುತ್ತದೆ. ಹಲವು ಸ್ವರಗಳು ಏಕಕಾಲದಲ್ಲಿ ಮೊಳಗುವ ಕಾರ್ಡುಗಳು ಒಂದಾದ ಮೇಲೊಂದು ಬದಲಾಗುತ್ತವೆ. ವಾದಕ ಅವುಗಳ ಮೇಲೆ ತನ್ನ ಕಲ್ಪನೆಯನ್ನು ಹೆಣೆಯುತ್ತಾನೆ. ನಮ್ಮ ವಿದ್ವಾಂಸನ ನೆಲವಾದರೋ ಸ್ಥಿರ. ಶ್ರುತಿಯ ಷಡ್ಜ ಅಲುಗದು. ಅದರ ಮೇಲೆ ರಾಗ ಅರಳುತ್ತದೆ. ನೆಲ ಸರಿದರೆ ರಾಗದ ಮುಖವೇ ಬದಲಾಗಿಬಿಡುವ ಅಪಾಯ. ಕದಲದಂತೆ ಕಟ್ಟಿಹಾಕಿದರೆ ಜಾಜಿನ ಉಸಿರೇ ಕಟ್ಟುವ ಅಪಾಯ. ಆದರೆ ಇಬ್ಬರಿಗೂ ಸಮಾನವಾದ ಸಂಪತ್ತೊಂದುಂಟು: ಬರೆದಿಟ್ಟುದನ್ನು ಒಪ್ಪಿಸದೆ ಆ ಕ್ಷಣದಲ್ಲಿಯೇ ಸೃಷ್ಟಿಸುವ ಶಕ್ತಿ. ನಾವು ಮನೋಧರ್ಮವೆನ್ನುತ್ತೇವೆ. ಆ ಸೇತುವೆಯ ಮೇಲೆಯೇ ಎರಡೂ ಸಂಗೀತಗಳು ನಡೆದುಬಂದು ಕೂಡಿದುವು.

ಇಲ್ಲಿ ಗಿಟಾರಿಗೆ ವಿಶೇಷವಾದ ಸ್ಥಾನವಿದೆ. ಅದು ಕಾರ್ಡನ್ನೂ ನುಡಿಸಬಲ್ಲದು. ವೀಣೆಯಂತೆ ಮೆಟ್ಟಿಲಿನ ಮೇಲೆ ತಂತಿಯನ್ನು ಎಳೆದು ಗಮಕದ ಛಾಯೆಯನ್ನೂ ತರಬಲ್ಲದು. ಆದುದರಿಂದಲೇ ಅದು ಉಭಯ ಪಕ್ಷಗಳ ಮಾತನ್ನೂ ಬಲ್ಲ ದುಭಾಷಿ. ರೆಜ್ ಅಬ್ಬಾಸಿಯವರು ಹುಟ್ಟಿದುದು 1965ರಲ್ಲಿ ಕರಾಚಿಯಲ್ಲಿ. ನಾಲ್ಕರ ವಯಸ್ಸಿನಿಂದ ಬೆಳೆದುದು ಕ್ಯಾಲಿಫೋರ್ನಿಯದಲ್ಲಿ. ಜಾಜ್ ಕಲಿತ ಮೇಲೆ ಭಾರತಕ್ಕೆ ಬಂದು ತಬಲದ ಉಸ್ತಾದ್ ಅಲ್ಲಾ ರಖಾ ಅವರಲ್ಲಿ ಪಾಠ ಹೇಳಿಸಿಕೊಂಡವರು. ‘ಕಿನ್ಸ್‌ಮೆನ್’ನಲ್ಲಿ ಗಿಟಾರಿಗೆಂದೇ ‘ರೆಜ್-ಆಲಾಪ್’ ಎಂಬ ಪುಟ್ಟ ಆಲಾಪನೆಯನ್ನು ಮೀಸಲಿಡಲಾಗಿದೆ. ‘ಗಣೇಶ’, ‘ಕಲ್ಯಾಣಿ’ ಎಂಬ ಹೆಸರುಗಳೂ ಅದರಲ್ಲಿವೆ.

ರುದ್ರೇಶ್, ಅಬ್ಬಾಸಿ, ತಬಲ ನುಡಿಸುವ ಅಮೆರಿಕದ ಡ್ಯಾನ್ ವೈಸ್ ಈ ಮೂವರೂ ಕೂಡಿ ‘ಇಂಡೋ-ಪಾಕ್ ಕೊಅಲಿಷನ್’ ಎಂಬ ಮೇಳವನ್ನೂ ಕಟ್ಟಿ, 2008ರಲ್ಲಿ ‘ಆಪ್ತಿ’ಯನ್ನು, 2017ರಲ್ಲಿ ‘ಅಗ್ರಿಮ’ವನ್ನು ಹೊರತಂದರು. ಎರಡು ದೇಶಗಳ ನಡುವೆ ಗಡಿಯ ಬಾಗಿಲು ತೆರೆಯುವುದೂ ಮುಚ್ಚುವುದೂ ನಡೆದೇ ಇರುತ್ತದೆ. ಈ ಮೇಳದಲ್ಲಿ ಗಿಟಾರು ಮತ್ತು ಸ್ಯಾಕ್ಸೋಫೋನುಗಳ ನಡುವೆ ಬಾಗಿಲೇ ಇಲ್ಲ. ಅಬ್ಬಾಸಿಯವರು 2017ರ ‘ಅನ್‌ಫಿಲ್ಟರ್ಡ್ ಯೂನಿವರ್ಸ್’ನಲ್ಲಿ ಕರ್ನಾಟಕ ಸಂಗೀತದ ಪ್ರಭಾವವನ್ನೇ ತಮ್ಮ ಜಾಜ್ ರಚನೆಗಳಿಗೆ ಆಧಾರವಾಗಿಸಿಕೊಂಡರು.

ಉಳಿದು ಬಂದ ನಾದ

2004ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ಕಾಲವಾದರು. ರುದ್ರೇಶರನ್ನು ‘ಡೌನ್‌ಬೀಟ್’ ಪತ್ರಿಕೆಯ ವಿಮರ್ಶಕರು ಹಲವು ಬಾರಿ ಶ್ರೇಷ್ಠ ಆಲ್ಟೋ ಸ್ಯಾಕ್ಸೋಫೋನ್ ವಾದಕರೆಂದು ಆರಿಸಿದರು. 2016ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯ ಅವರನ್ನು ಜಾಜ್ ವಿಭಾಗದ ನಿರ್ದೇಶಕರನ್ನಾಗಿ ನೇಮಿಸಿತು.

ಪರದೇಶದಲ್ಲಿ ಮಕ್ಕಳನ್ನು ಬೆಳೆಸುವ ಎಷ್ಟೋ ತಂದೆತಾಯಿಗಳಿಗೆ ಒಂದು ಅಳುಕು ಇದ್ದೇ ಇರುತ್ತದೆ: ಮಕ್ಕಳು ನಮ್ಮದನ್ನು ಮರೆತಾರೆಂಬ ಅಳುಕು. ನಾಡಿನಲ್ಲಿರುವವರಿಗೂ ಇನ್ನೊಂದು ಅಳುಕುಂಟು: ಹೊರಗಿನದು ಬಂದು ನಮ್ಮದನ್ನು ಕೆಡಿಸೀತೆಂಬುದು. ಈ ಇಬ್ಬರು ವಾದಕರ ಬಾಳು ಎರಡಕ್ಕೂ ಸಮಾಧಾನ ಹೇಳುತ್ತದೆ. ಪರಂಪರೆ ಮೈಬಣ್ಣದೊಡನೆ ಬರುವ ಆಸ್ತಿಯಲ್ಲ. ದುಡಿದು ಪಡೆಯಬೇಕಾದ ವಿದ್ಯೆ. ಸಜಿಪಮೂಡದ ಹುಡುಗನಿಗೆ ಸ್ಯಾಕ್ಸೋಫೋನ್ ದಕ್ಕಿದುದು ಇಪ್ಪತ್ತು ವರ್ಷದ ಸಾಧನೆಯಿಂದ; ಬೌಲ್ಡರಿನ ಹುಡುಗನಿಗೆ ರಾಗದ ಬಾಗಿಲು ತೆರೆದುದೂ ಸಾಧನೆಯಿಂದಲೇ. ದುಡಿದು ಪಡೆದವರು ಒಬ್ಬರನ್ನೊಬ್ಬರು ಗುರುತಿಸಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಆ ಧ್ವನಿಮುದ್ರಣಕ್ಕೆ ‘ಬಂಧುಗಳು’ ಎಂಬ ಹೆಸರು ಒಪ್ಪುವುದು ಅದಕ್ಕಾಗಿಯೇ.